ಮನೆಯಂಗಳದಲ್ಲಿ ಪಿಯೋನಿ: ಗಡ್ಡೆ ಆರಿಸುವುದರಿಂದ ಹೂ ಕೊಯ್ಯುವವರೆಗೆ

ಹೂ ಬಿಡದ ಪಿಯೋನಿಯ ಬುಡ ಕೆದಕಿ ನೋಡಿದರೆ ಬಹಳ ಸಲ ಸಿಗುವ ಉತ್ತರ ಒಂದೇ: ಗಡ್ಡೆ ಆಳಕ್ಕೆ ಹೋಗಿದೆ. ಗೊಬ್ಬರ ಕಡಿಮೆಯಾಗಿಲ್ಲ, ನೀರು ಕಡಿಮೆಯಾಗಿಲ್ಲ, ರೋಗವೂ ಇಲ್ಲ. ನೆಟ್ಟ ದಿನ ಮೇಲೆ ಬಿದ್ದ ಎರಡು ಇಂಚು ಹೆಚ್ಚುವರಿ ಮಣ್ಣು, ಅಷ್ಟೇ. ಚಳಿಯ ದೇಶಗಳ ಅಂಗಳದಲ್ಲಿ ದೊಡ್ಡ ದೊಡ್ಡ ಹೂ ಬಿಡುವ, ಐವತ್ತು ವರ್ಷಕ್ಕೂ ಮೀರಿ ಒಂದೇ ಜಾಗದಲ್ಲಿ ಬದುಕಬಲ್ಲ ಗಿಡ ಇದು. ಅಷ್ಟು ವರ್ಷದ ಹಣೆಬರಹವನ್ನು ಒಂದು ಮಧ್ಯಾಹ್ನದ ಕೆಲಸ ಬರೆದುಬಿಡುತ್ತದೆ. ಹಾಗಾಗಿ ಇಲ್ಲಿ ನೆಡುವ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದೆ. ನೀರು, ಗೊಬ್ಬರದ ವಿಷಯ ಬೇಗ ಮುಗಿಯುತ್ತದೆ.

ಎಲ್ಲಿ ಬೆಳೆಯುತ್ತದೆ, ಎಲ್ಲಿ ಇಲ್ಲ

ಪಿಯೋನಿಗೆ ಚಳಿಗಾಲ ಬೇಕು. ಸುಮಾರು 4 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಚಳಿ ವಾರಗಟ್ಟಲೆ ಸಿಗದಿದ್ದರೆ ಗಡ್ಡೆಯ ಕಣ್ಣುಗಳು, ಅಂದರೆ ಚಿಗುರೊಡೆಯುವ ಮೊಗ್ಗುಗಳು, ನಿದ್ದೆಯಿಂದ ಸರಿಯಾಗಿ ಏಳುವುದಿಲ್ಲ. ಅಮೆರಿಕದ ತೋಟಗಾರಿಕೆ ನಕ್ಷೆಯ ಲೆಕ್ಕದಲ್ಲಿ 3ರಿಂದ 8ನೇ ವಲಯದವರೆಗೆ (ಸಂಖ್ಯೆ ಚಿಕ್ಕದಾದಷ್ಟು ಚಳಿ ಹೆಚ್ಚು) ಇದು ಆರಾಮಾಗಿ ಬೆಳೆಯುತ್ತದೆ. ನ್ಯೂಜೆರ್ಸಿ, ಷಿಕಾಗೊ, ಮಿನ್ನೆಸೋಟ, ಟೊರಾಂಟೊ ಮತ್ತು ಇಂಗ್ಲೆಂಡಿನ ಬಹುಭಾಗದಲ್ಲಿ ಹಿತ್ತಿಲಿರುವ ಕನ್ನಡಿಗರು ಯೋಚನೆ ಮಾಡದೆ ನೆಡಬಹುದು. ಇಂಡಿಯಾನಾ ರಾಜ್ಯವಂತೂ 1957ರಿಂದ ಇದನ್ನೇ ರಾಜ್ಯಪುಷ್ಪ ಮಾಡಿಕೊಂಡಿದೆ. ಅಟ್ಲಾಂಟದಂಥ ಬೆಚ್ಚನೆಯ ಊರುಗಳಲ್ಲಿ ಬೇಗ ಅರಳುವ ತಳಿ ಆರಿಸಿಕೊಂಡರೆ ನಡೆಯುತ್ತದೆ. ಹೂಸ್ಟನ್, ಲಾಸ್ ಏಂಜಲೀಸ್‌ನಲ್ಲಿ ದುಡ್ಡು ದಂಡ.

ಬೆಂಗಳೂರಿನಲ್ಲಿ? ಆಗುವುದಿಲ್ಲ. ಮಡಿಕೇರಿಯ ಚಳಿಯೂ ಸಾಲದು. ಕುಂಡದ ಮೇಲೆ ಐಸ್ ಸುರಿದರೆ ಆದೀತು ಎನ್ನುವವರಿದ್ದಾರೆ. ಐಸ್ ಗಂಟೆಯಲ್ಲಿ ಕರಗುತ್ತದೆ, ಗಡ್ಡೆಗೆ ಬೇಕಿರುವುದು ವಾರಗಳ ಚಳಿ. ಆನ್‌ಲೈನ್‌ನಲ್ಲಿ ನೀಲಿ ಪಿಯೋನಿಯ ಚಿತ್ರ ಹಾಕಿ ಮಾರುವ ಬೀಜದ ಪೊಟ್ಟಣವನ್ನು ಎಲ್ಲಿದ್ದರೂ ಕೊಳ್ಳಬೇಡಿ. ನೀಲಿ ಪಿಯೋನಿ ಎಂಬುದೇ ಇಲ್ಲ. ನಿಜವಾದ ಬೀಜವೂ ಮೊದಲು ಬೆಚ್ಚಗಿದ್ದಾಗ ಬೇರು ಬಿಟ್ಟು, ಒಂದು ಚಳಿಗಾಲ ಕಳೆದ ಮೇಲೆ ಮೊಳಕೆ ತೋರಿಸಿ, ಹೂವಿಗೆ ಇನ್ನೂ ನಾಲ್ಕೈದು ವರ್ಷ ಕಾಯಿಸುತ್ತದೆ. ಅಷ್ಟಾದರೂ ತಾಯಿಗಿಡದ ಹೂವೇ ಬರುತ್ತದೆಂಬ ಖಾತ್ರಿ ಇಲ್ಲ. ಭಾರತದಲ್ಲೇ ಪಿಯೋನಿ ನೋಡಬೇಕೆಂದರೆ ಪಶ್ಚಿಮ ಹಿಮಾಲಯಕ್ಕೆ ಹೋಗಬೇಕು. ಕಾಶ್ಮೀರ, ಹಿಮಾಚಲದ ಕಾಡುಗಳಲ್ಲಿ ಬಿಳಿ ಹೂವಿನ ಹಿಮಾಲಯದ ಪಿಯೋನಿ ತಾನಾಗಿ ಬೆಳೆಯುತ್ತದೆ. ಯುನಾನಿ ಔಷಧದ ಊದ್ ಸಲೀಬ್ ಎಂದರೆ ಪಿಯೋನಿಯ ಬೇರೇ.

ಮೂರು ಬಗೆ, ಮೂರು ಲೆಕ್ಕ

ಕೊಳ್ಳುವ ಮೊದಲು ಯಾವ ಬಗೆ ಎಂದು ತಿಳಿದುಕೊಳ್ಳಿ. ನೆಡುವ ಆಳ, ಕತ್ತರಿಸುವ ಕ್ರಮ ಎರಡೂ ಅದರ ಮೇಲೆ ನಿಂತಿವೆ.

ಮೊದಲನೆಯದು ಮೆತ್ತನೆ ಕಾಂಡದ್ದು. ಚಳಿಗಾಲದಲ್ಲಿ ನೆಲದವರೆಗೆ ಸತ್ತು ವಸಂತದಲ್ಲಿ ಮತ್ತೆ ಚಿಗುರುತ್ತದೆ. ಹೆಚ್ಚಿನ ಅಂಗಳಗಳಲ್ಲಿ ಕಾಣುವುದು ಇದೇ. ಎರಡನೆಯದು ಮರ ಪಿಯೋನಿ. ಹೆಸರಿಗೆ ಮರ, ನಿಜದಲ್ಲಿ ನಾಲ್ಕೈದು ಅಡಿಯ ಪೊದೆ. ಚೀನಾದ ಲುವೊಯಾಂಗ್ ಊರು ಹೆಸರಾಗಿರುವುದು ಈ ಬಗೆಗೆ. ಇದರ ಕಾಂಡ ಚಳಿಗಾಲದಲ್ಲೂ ಜೀವಂತ. ಮೂರನೆಯದು ಇವೆರಡರ ಮಿಶ್ರತಳಿ, ಇಟೋ ಪಿಯೋನಿ. ಜಪಾನಿನ ತೊಯಿಚಿ ಇಟೋ 1948ರಲ್ಲಿ ಈ ಅಡ್ಡತಳಿ ಮಾಡುವುದರಲ್ಲಿ ಗೆದ್ದರು. ಆದರೆ ಹೂ ಅರಳುವ ಮೊದಲೇ, 1956ರಲ್ಲಿ ತೀರಿಕೊಂಡರು. ಮೆತ್ತನೆ ಕಾಂಡದ ಬಗೆಯಲ್ಲಿ ಸಿಗುವುದೇ ಅಪರೂಪವಾದ ಗಾಢ ಹಳದಿ ಇಟೋದಲ್ಲಿ ಸುಲಭವಾಗಿ ಸಿಗುತ್ತದೆ. ಕಾಂಡವೂ ಗಟ್ಟಿ, ಆಸರೆ ಬೇಡ. ಬೆಲೆ ಮಾತ್ರ ಎರಡು ಮೂರು ಪಟ್ಟು.

ಮೊದಲ ಸಲ ನೆಡುವವರಿಗೆ ಮೆತ್ತನೆ ಕಾಂಡದ ಹಳೆಯ ತಳಿಗಳೇ ಸರಿ. 1851ರಿಂದ ಬೆಳೆಸಿಕೊಂಡು ಬಂದಿರುವ ‘ಫೆಸ್ಟಿವಾ ಮ್ಯಾಕ್ಸಿಮಾ’ದ ಬಿಳಿ ಎಸಳುಗಳ ನಡುವೆ ಅಲ್ಲೊಂದು ಇಲ್ಲೊಂದು ಕೆಂಪು ಗೀರು, ಕುಂಕುಮದ ನೀರು ಚಿಮುಕಿಸಿದಂತೆ. 1906ರ ‘ಸಾರಾ ಬರ್ನಾರ್ಟ್’ ತಿಳಿ ಗುಲಾಬಿ, ತಡವಾಗಿ ಅರಳುತ್ತದೆ, ಹೂ ಭಾರಕ್ಕೆ ಕಾಂಡ ಬಾಗುತ್ತದೆ. ‘ಕೋರಲ್ ಚಾರ್ಮ್’ ಬೇಗನೆ ಅರಳುತ್ತದೆ. ಅದರ ಹವಳದ ಬಣ್ಣ ದಿನದಿಂದ ದಿನಕ್ಕೆ ತಿಳಿಯಾಗುತ್ತಾ ಕೊನೆಗೆ ಕೆನೆಯ ಬಣ್ಣಕ್ಕಿಳಿಯುವುದರಿಂದ ಒಂದೇ ಗಿಡದಲ್ಲಿ ಮೂರು ಬಣ್ಣದ ಹೂ ಇದ್ದಂತೆ ಕಾಣುತ್ತದೆ. ಒಂದು ಗಿಡದ ಹೂಗಾಲ ವಾರದಿಂದ ಹತ್ತು ದಿನ, ಅಷ್ಟೇ. ಬೇಗ, ನಡುವೆ, ತಡವಾಗಿ ಅರಳುವ ಒಂದೊಂದು ತಳಿ ನೆಟ್ಟರೆ ಅಂಗಳದಲ್ಲಿ ನಾಲ್ಕೈದು ವಾರ ಹೂ ಇರುತ್ತದೆ. ಮಳೆ ಜಾಸ್ತಿ ಇರುವ ಊರಾದರೆ ಸಾವಿರ ಎಸಳಿನ ಭಾರದ ಹೂಗಳಿಗಿಂತ ‘ಬೌಲ್ ಆಫ್ ಬ್ಯೂಟಿ’ಯಂಥ, ಹೊರಗೆ ಒಂದೆರಡು ಸುತ್ತು ಎಸಳು, ನಡುವೆ ಕೆನೆಬಣ್ಣದ ಕುಚ್ಚು ಇರುವವು ವಾಸಿ. ನೀರು ತುಂಬಿಕೊಂಡು ಮಣ್ಣಿಗೆ ಬೀಳುವುದಿಲ್ಲ.

ಗಡ್ಡೆ ಕೊಳ್ಳುವುದು

ಒಳ್ಳೆಯ ನರ್ಸರಿಗಳು ಮಣ್ಣಿಲ್ಲದ ಬರಿಗಡ್ಡೆಯನ್ನು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕಳಿಸುತ್ತವೆ. ಡೇರೆ ಗಡ್ಡೆಯನ್ನೋ ಸಿಹಿಗೆಣಸಿನ ಗೊಂಚಲನ್ನೋ ನೆನಪಿಸುವ ಕಂದು ಬೇರುಗಳು, ಅವೆಲ್ಲ ಕೂಡುವ ತಲೆಯ ಮೇಲೆ ಕೆಂಪೋ ಬಿಳಿಚೋ ಆದ ಮೊನಚು ಮೊಗ್ಗುಗಳು. ಕಬ್ಬಿನ ಗಣ್ಣಿನಲ್ಲಿ ಇರುತ್ತದಲ್ಲ, ಹಾಗೆ ಇವೂ ಕಣ್ಣುಗಳೇ. ಮೂರರಿಂದ ಐದು ಕಣ್ಣಿರುವ ಗಡ್ಡೆ ಕೊಳ್ಳಿ. ಒಂದೆರಡು ಕಣ್ಣಿನದು ಅಗ್ಗ, ಆದರೆ ಹೂವಿಗೆ ಒಂದೆರಡು ವರ್ಷ ಹೆಚ್ಚು ಕಾಯಬೇಕು. ಬೇರನ್ನು ಒತ್ತಿ ನೋಡಿ: ಕ್ಯಾರೆಟ್ಟಿನಂತೆ ಗಟ್ಟಿ ಇರಬೇಕು. ಪಿಚಕ್ ಎಂದರೆ ಕೊಳೆತಿದೆ. ಆ ಭಾಗವನ್ನು ಗಟ್ಟಿ ತಿರುಳು ಸಿಗುವವರೆಗೆ ಕತ್ತರಿಸಿ ಬಿಸಾಡಿ.

ದೊಡ್ಡ ಅಂಗಡಿಗಳಲ್ಲಿ ವಸಂತದಲ್ಲಿ ರಟ್ಟಿನ ಡಬ್ಬಿಯಲ್ಲಿ ಸಿಗುವ ಗಡ್ಡೆಗಳು ಆಗಲೇ ತಿಂಗಳುಗಟ್ಟಲೆ ಒಣಗಿರುತ್ತವೆ. ಬದುಕುತ್ತವೆ, ಆದರೆ ಒಂದು ವರ್ಷ ಹಿಂದೆ ಬೀಳುತ್ತವೆ. ಕುಂಡದಲ್ಲಿ ಹೂ ಸಮೇತ ಮಾರುವ ಗಿಡವನ್ನು ಯಾವಾಗ ಬೇಕಾದರೂ ನೆಡಬಹುದು. ಒಂದೇ ಎಚ್ಚರ: ಕುಂಡದ ಮಣ್ಣಿನ ಮಟ್ಟವನ್ನು ನಂಬಬೇಡಿ. ನರ್ಸರಿಯವರೇ ಆಳಕ್ಕೆ ಹೂತಿರುವುದುಂಟು. ಮೇಲ್ಮಣ್ಣು ಬೆರಳಿನಿಂದ ಸರಿಸಿ ಕಣ್ಣು ಎಲ್ಲಿದೆ ನೋಡಿಕೊಂಡೇ ನೆಡಿ.

ಜಾಗ

ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು. ಬೆಚ್ಚನೆಯ ವಲಯಗಳಲ್ಲಿ ಮಾತ್ರ ಮಧ್ಯಾಹ್ನದ ಮೇಲೆ ಸ್ವಲ್ಪ ನೆರಳು ಒಳ್ಳೆಯದು. ದೊಡ್ಡ ಮರದ ಬುಡದಿಂದ ದೂರವಿರಲಿ, ಮರದ ಬೇರಿನ ಜೊತೆ ಪೈಪೋಟಿಗೆ ಇದು ನಿಲ್ಲುವುದಿಲ್ಲ. ಛಾವಣಿಯ ನೀರು ಸುರಿಯುವ ಕಡೆ, ಹಿಮ ಕರಗಿ ನೀರು ನಿಲ್ಲುವ ತಗ್ಗು ಬೇಡವೇ ಬೇಡ. ಅನುಮಾನವಿದ್ದರೆ ಒಂದಡಿ ಗುಂಡಿ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೇ ಸಲದ ನೀರು ನಾಲ್ಕೈದು ಗಂಟೆಯಾದರೂ ನಿಂತೇ ಇದ್ದರೆ ಆರರಿಂದ ಎಂಟು ಇಂಚು ಏರಿಸಿದ ಪಾತಿ ಮಾಡಿ ನೆಡಿ.

ಮಣ್ಣಿನ ಪಿಎಚ್ 6.5ರಿಂದ 7 ಇರಲಿ. ಹಿಂದೆ ಪಿಯೋನಿಯೇ ಇದ್ದ ಜಾಗದಲ್ಲಿ ಹೊಸದನ್ನು ನೆಟ್ಟರೆ ಯಾಕೋ ಏಳಿಗೆಯಾಗುವುದಿಲ್ಲ. ಹಳೆಯ ಬೇರಿನ ಚೂರು, ಅದಕ್ಕಂಟಿದ ರೋಗ ಮಣ್ಣಿನಲ್ಲೇ ಉಳಿದಿರುತ್ತದೆ. ಬೇರೆ ಜಾಗವಿಲ್ಲದಿದ್ದರೆ ಎರಡಡಿ ಅಗಲ, ಒಂದೂವರೆ ಅಡಿ ಆಳದ ಮಣ್ಣು ಪೂರ್ತಿ ಬದಲಿಸಿ.

ನೆಡುವ ದಿನ

ಕಾಲ: ನೆಲ ಹೆಪ್ಪುಗಟ್ಟಲು ಆರು ವಾರ ಇರುವಾಗ. ಉತ್ತರ ಅಮೆರಿಕ, ಯೂರೋಪಿಗೆ ಹೆಚ್ಚುಕಡಿಮೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆ. ಮೆಲ್ಬರ್ನ್, ನ್ಯೂಜಿಲೆಂಡ್‌ನವರಿಗೆ ಏಪ್ರಿಲ್–ಮೇ. ಈ ಆರು ವಾರದಲ್ಲಿ ಮೇಲೆ ಏನೂ ಕಾಣದಿದ್ದರೂ ಕೆಳಗೆ ದಾರದಂಥ ಹೊಸ ಬೇರು ಬಿಟ್ಟುಕೊಳ್ಳುತ್ತದೆ.

1. ಒಂದೂವರೆ ಅಡಿ ಆಳ, ಒಂದೂವರೆಯಿಂದ ಎರಡಡಿ ಅಗಲದ ಗುಂಡಿ ತೋಡಿ. ಗಿಡದಿಂದ ಗಿಡಕ್ಕೆ ಮೂರರಿಂದ ನಾಲ್ಕಡಿ. ನೆಟ್ಟಾಗ ಬೋಳು ಬೋಳಾಗಿ ಕಾಣುತ್ತದೆ. ಐದನೇ ವರ್ಷದ ಹೊತ್ತಿಗೆ ಆ ಜಾಗ ತುಂಬಿಕೊಳ್ಳುತ್ತದೆ.

2. ಗುಂಡಿಯ ತಳಕ್ಕೆ ಒಂದು ಬಕೆಟ್ ಚೆನ್ನಾಗಿ ಕಳಿತ ಕಾಂಪೋಸ್ಟ್, ಒಂದು ಹಿಡಿ ಮೂಳೆಗೊಬ್ಬರ ಹಾಕಿ ತೋಡಿದ ಮಣ್ಣಿನೊಂದಿಗೆ ಬೆರೆಸಿ. ಹಸಿ ಸಗಣಿ ಗೊಬ್ಬರ ಖಂಡಿತ ಬೇಡ, ಗಡ್ಡೆ ಕೊಳೆಯುತ್ತದೆ. ನಾಯಿ ಸಾಕಿದವರು ಮೂಳೆಗೊಬ್ಬರ ಬಿಟ್ಟು ಸೂಪರ್ ಫಾಸ್ಫೇಟ್ ಹಾಕಿ. ಇಲ್ಲದಿದ್ದರೆ ಮಾರನೇ ಬೆಳಿಗ್ಗೆ ಗಡ್ಡೆ ಅಂಗಳದ ನಡುವೆ ಬಿದ್ದಿರುತ್ತದೆ.

3. ಗುಂಡಿಯನ್ನು ಮುಕ್ಕಾಲು ಪಾಲು ತುಂಬಿ, ಕಾಲಿನಿಂದ ಮೆಲ್ಲಗೆ ತುಳಿದು, ನೀರು ಹಾಕಿ ಕೂರಿಸಿ. ಈ ಹೆಜ್ಜೆ ಬಿಟ್ಟವರ ಗಡ್ಡೆಯೇ ಆಳಕ್ಕಿಳಿಯುವುದು. ಸಡಿಲ ಮಣ್ಣಿನ ಮೇಲಿಟ್ಟ ಗಡ್ಡೆ ಚಳಿಗಾಲ ಕಳೆಯುವಷ್ಟರಲ್ಲಿ ಮಣ್ಣಿನ ಜೊತೆ ಒಂದೆರಡು ಇಂಚು ಕುಸಿದಿರುತ್ತದೆ. ನೀವು ಅಳೆದು ನೆಟ್ಟಿದ್ದೂ ವ್ಯರ್ಥ.

4. ನಡುವೆ ಮಣ್ಣಿನ ಸಣ್ಣ ದಿಬ್ಬ ಮಾಡಿ ಗಡ್ಡೆ ಕೂರಿಸಿ, ಬೇರು ಸುತ್ತಲೂ ಹರಡಿ. ಕಣ್ಣು ಮೇಲ್ಮುಖವಾಗಿರಲಿ.

5. ಗುಂಡಿಯ ಮೇಲೆ ಅಡ್ಡಲಾಗಿ ಒಂದು ಕೋಲಿಡಿ. ಅದು ನೆಲಮಟ್ಟ. ಕೋಲಿನಿಂದ ಕಣ್ಣಿನ ತುದಿಗೆ ಐದು ಸೆಂಟಿಮೀಟರ್, ಅಂದರೆ ಎರಡು ಇಂಚು ಇರಬೇಕು. ಅಳತೆಪಟ್ಟಿ ಇಲ್ಲದಿದ್ದರೆ ಮೂರು ಬೆರಳ ಅಗಲ. 7, 8ನೇ ವಲಯದಲ್ಲಿ ಒಂದೇ ಇಂಚು, ಕಣ್ಣಿಗೆ ಚಳಿ ತಾಕಲಿ ಎಂದು. ಇಟೋಗೂ ಐದು ಸೆಂಟಿಮೀಟರೇ. ಮರ ಪಿಯೋನಿಗೆ ಲೆಕ್ಕ ಉಲ್ಟಾ. ಅದನ್ನು ಸಾಮಾನ್ಯವಾಗಿ ಮೆತ್ತನೆ ಕಾಂಡದ ಪಿಯೋನಿಯ ಬೇರಿಗೆ ಕಸಿ ಕಟ್ಟಿರುತ್ತಾರೆ. ಕಸಿಯ ಗಂಟು ನಾಲ್ಕರಿಂದ ಆರು ಇಂಚು ಕೆಳಗಿದ್ದರೇ ಮೇಲಿನ ಕಾಂಡ ತನ್ನದೇ ಬೇರು ಬಿಡುತ್ತದೆ.

6. ಕೈಯಿಂದ ಮಣ್ಣು ತುಂಬಿ, ಬೇರಿನ ಸಂದಿಯಲ್ಲಿ ಗಾಳಿ ಉಳಿಯದಂತೆ ಒತ್ತಿ, ಒಂದು ದೊಡ್ಡ ಬಕೆಟ್ ನೀರು ನಿಧಾನ ಹೊಯ್ಯಿರಿ. ನೀರಿಂಗಿದ ಮೇಲೆ ಕೋಲಿಟ್ಟು ಮತ್ತೊಮ್ಮೆ ಅಳೆಯಿರಿ. ಕುಸಿದಿದ್ದರೆ ಈಗಲೇ ಎತ್ತಿ ಕೂರಿಸಿ.

ಮೊದಲ ಚಳಿಗಾಲಕ್ಕೆ ಮಾತ್ರ ಮೇಲೆ ಮೂರು ನಾಲ್ಕು ಇಂಚು ಒಣಹುಲ್ಲು ಅಥವಾ ತರಗೆಲೆ ಹೊದಿಸಿ. ಬೇರೂರದ ಗಡ್ಡೆಯನ್ನು ಹೆಪ್ಪುಗಟ್ಟಿ ಕರಗುವ ನೆಲ ಮೇಲಕ್ಕೆ ಎತ್ತಿಹಾಕದಿರಲಿ ಎಂದು. ವಸಂತದ ಮೊದಲಲ್ಲೇ ಅದನ್ನು ಪೂರ್ತಿ ತೆಗೆಯಿರಿ. ಅಲ್ಲೇ ಬಿಟ್ಟ ಹೊದಿಕೆ ಎಂದರೆ ಆಳಕ್ಕೆ ನೆಟ್ಟಂತೆಯೇ, ಮೇಲಾಗಿ ಬೂಷ್ಟಿಗೂ ಆಹ್ವಾನ. ವರ್ಷವರ್ಷ ಬುಡಕ್ಕೆ ಗೊಬ್ಬರದ ರಾಶಿ ಹಾಕುವುದರಿಂದಲೂ ಇದೇ ಆಗುತ್ತದೆ. ಸರಿಯಾಗಿ ನೆಟ್ಟ ಗಿಡವನ್ನು ಯಜಮಾನರೇ ಪ್ರೀತಿಯಿಂದ ಹೂಳುತ್ತಾ ಬರುತ್ತಾರೆ.

ಮೊದಲ ಮೂರು ವರ್ಷ

ಮೊದಲ ವಸಂತದಲ್ಲಿ ಕೆಂಗಂದು ಬಣ್ಣದ ಒಂದೆರಡು ಮೊಳಕೆ, ಒಂದಡಿ ಎತ್ತರದ ಎಲೆ, ಅಷ್ಟೇ ಬರುವುದು. ಮೊಗ್ಗು ಬಂದರೆ ಕಿತ್ತುಬಿಡಿ, ಬೇರು ಬಲಿಯಲಿ. ಎರಡನೇ ವರ್ಷ ಒಂದೆರಡು ಹೂ ಕಂಡೀತು, ಅವು ತಳಿಯ ನಿಜರೂಪ ತೋರದೆಯೂ ಇರಬಹುದು. ಮೂರನೇ ನಾಲ್ಕನೇ ವರ್ಷದಿಂದ ಗಿಡ ತನ್ನ ಗತ್ತಿಗೆ ಬರುತ್ತದೆ. ನಡುವೆ ಬೇಸತ್ತು ಜಾಗ ಬದಲಿಸಿದರೆ ಲೆಕ್ಕ ಮತ್ತೆ ಮೊದಲಿನಿಂದ ಶುರು.

ಮೊದಲ ಬೇಸಿಗೆ ಮಳೆಯಿಲ್ಲದ ವಾರ ಒಂದಿಂಚು ನೀರು, ವಾರಕ್ಕೊಮ್ಮೆ ಬೇರಿಗಿಳಿಯುವ ಹಾಗೆ. ಸಂಜೆ ಪೈಪು ಹಿಡಿದು ಎಲೆ ತೋಯಿಸಬೇಡಿ. ಬಲಿತ ಗಿಡಕ್ಕೆ ಬರಗಾಲ ಬಿಟ್ಟರೆ ನೀರಿನ ಹಂಗಿಲ್ಲ. ಗೊಬ್ಬರ ಎರಡನೇ ವರ್ಷದಿಂದ ಸಾಕು: ಹೂ ಮುಗಿದ ಮೇಲೆ 5-10-10ರಂಥ ಸಾರಜನಕ ಕಡಿಮೆಯಿರುವ ಗೊಬ್ಬರ ಕಾಲು ಕಪ್, ಬುಡದಿಂದ ಆರಿಂಚು ದೂರ ಸುತ್ತಲೂ ಉದುರಿಸಿ ಮಣ್ಣಲ್ಲಿ ಕೆದಕಿ. ಪಕ್ಕದ ಹುಲ್ಲುಹಾಸಿಗೆ ಹಾಕುವ ಗೊಬ್ಬರ ಇದರ ಬುಡಕ್ಕೆ ಹಾರದಂತೆ ನೋಡಿಕೊಳ್ಳಿ. ಅದರಲ್ಲಿ ಸಾರಜನಕವೇ ಜಾಸ್ತಿ, ಎಲೆ ಸೊಂಪಾಗುತ್ತದೆ, ಹೂ ಇರುವುದಿಲ್ಲ.

ಭಾರದ ಹೂಗಳ ತಳಿಗೆ ಆಸರೆ ಬೇಕು. ಮೂರು ಕಾಲಿನ ತಂತಿಬಳೆ ಅಂಗಡಿಯಲ್ಲಿ ಸಿಗುತ್ತದೆ. ಮೊಳಕೆ ಅರ್ಧದಿಂದ ಮುಕ್ಕಾಲಡಿ ಇದ್ದಾಗಲೇ ಚುಚ್ಚಿಬಿಡಿ, ಗಿಡ ಅದರೊಳಗಿಂದ ಬೆಳೆದು ಬಳೆಯನ್ನು ಮುಚ್ಚುತ್ತದೆ. ಮಳೆಗೆ ಮಲಗಿದ ಮೇಲೆ ಕಟ್ಟಲು ಹೊರಟರೆ ಪೊರಕೆ ಕಟ್ಟಿದಂತೆ ಕಾಣುತ್ತದೆ. ಒಂದೇ ದೊಡ್ಡ ಹೂ ಬೇಕಿದ್ದರೆ ತುದಿಮೊಗ್ಗಿನ ಕೆಳಗಿನ ಪಕ್ಕದ ಮೊಗ್ಗುಗಳನ್ನು ಬಟಾಣಿ ಗಾತ್ರದಲ್ಲೇ ಚಿವುಟಿ. ಅಂಗಳದಲ್ಲಿ ಹೆಚ್ಚು ದಿನ ಹೂ ಇದ್ದರೆ ಸಾಕು ಎನ್ನುವವರು ಚಿವುಟಬೇಕಿಲ್ಲ.

ಮೊಗ್ಗಿನ ಮೇಲೆ ಇರುವೆ ಮುತ್ತಿದೆ ಎಂದು ಗಾಬರಿಯಾಗಿ ಔಷಧ ಹೊಡೆಯಬೇಡಿ. ಮೊಗ್ಗಿನ ಹೊರದಳಗಳು ಸಿಹಿರಸ ಜಿನುಗಿಸುತ್ತವೆ, ಇರುವೆ ಬರುವುದು ಅದನ್ನು ನೆಕ್ಕಲು. ಇರುವೆ ನೆಕ್ಕದಿದ್ದರೆ ಮೊಗ್ಗು ಬಿಚ್ಚುವುದಿಲ್ಲ ಎಂಬ ಮಾತೂ ಸುಳ್ಳು.

ಹೂ ಬರಲಿಲ್ಲ ಎಂದಾದರೆ

ಮೊದಲು ಒಂದು ಪ್ರಶ್ನೆ: ಮೊಗ್ಗೇ ಬರುತ್ತಿಲ್ಲವೋ, ಬಂದ ಮೊಗ್ಗು ಅರಳದೆ ಹಾಳಾಗುತ್ತಿದೆಯೋ? ಎರಡರ ದಾರಿ ಬೇರೆ ಬೇರೆ.

ಮೊಗ್ಗೇ ಇಲ್ಲ, ಎಲೆ ಮಾತ್ರ ಹಸಿರಾಗಿದೆ ಎಂದರೆ ಸೆಪ್ಟೆಂಬರ್‌ನಲ್ಲಿ ಬುಡದ ಮಣ್ಣು ಬೆರಳಿನಿಂದ ಸರಿಸಿ ಕಣ್ಣು ಹುಡುಕಿ. ಮೂರಿಂಚಿಗಿಂತ ಕೆಳಗಿದ್ದರೆ ಕಾರಣ ಸಿಕ್ಕಿತು. ಮೇಲೆ ಸೇರಿದ್ದು ಬರೀ ಗೊಬ್ಬರ, ಹೊದಿಕೆಯಾದರೆ ಅಗಲಕ್ಕೆ ಕೆರೆದು ತೆಗೆಯಿರಿ. ಗಡ್ಡೆಯೇ ಆಳದಲ್ಲಿದ್ದರೆ ಎತ್ತಿ ಮತ್ತೆ ನೆಡದೆ ವಿಧಿಯಿಲ್ಲ. ಆಳ ಸರಿಯಿದ್ದರೆ ತಲೆಯೆತ್ತಿ ನೋಡಿ: ನೆಟ್ಟಾಗ ಚಿಕ್ಕದಿದ್ದ ಮೇಪಲ್ ಈಗ ನೆರಳು ಹಾಕುತ್ತಿರಬಹುದು. ಹೋದ ವರ್ಷ ಹೂ ಮುಗಿದ ಕೂಡಲೇ ಚೊಕ್ಕಟವಾಗಿರಲಿ ಎಂದು ಎಲೆ ಕತ್ತರಿಸಿದ್ದಿರಾ? ಮುಂದಿನ ವರ್ಷದ ಹೂವಿಗೆ ಬೇಕಾದ ಶಕ್ತಿ ಬೇಸಿಗೆಯ ಆ ಎಲೆಯಿಂದಲೇ ಗಡ್ಡೆಗೆ ಇಳಿಯುವುದು.

ಮೊಗ್ಗು ಬಟಾಣಿ ಗಾತ್ರದಲ್ಲೇ ಕಪ್ಪಾಗಿ, ಮೇಲೆ ಬೂದುಬಣ್ಣದ ಬೂಷ್ಟು ಕಂಡರೆ ಬೊಟ್ರೈಟಿಸ್ ಎಂಬ ಶಿಲೀಂಧ್ರ. ತಣ್ಣನೆಯ, ತೇವದ ವಸಂತ ಅದರ ಹಬ್ಬ. ಎಳೆಯ ಕಾಂಡ ನೆಲದ ಹತ್ತಿರ ಕಂದಾಗಿ ದಿಢೀರನೆ ಜೋತುಬೀಳುವುದೂ ಅದರದೇ ಕೆಲಸ. ರೋಗ ಕಂಡ ಜಾಗದಿಂದ ಕೆಳಕ್ಕೆ ಒಣ ದಿನದಲ್ಲಿ ಕತ್ತರಿಸಿ, ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ. ಪ್ರತಿ ಕತ್ತರಿಕೆಗೂ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ. ಕಳೆದ ವರ್ಷವೂ ಬಂದಿದ್ದರೆ ಮೊಳಕೆ ಹೊರಡುವಾಗಲೇ ತಾಮ್ರದ ಶಿಲೀಂಧ್ರನಾಶಕ ಸಿಂಪಡಿಸಬಹುದು. ಬೂಷ್ಟಿಲ್ಲದೆ ಮೊಗ್ಗು ಸುಮ್ಮನೆ ಒಣಗಿದ್ದರೆ ತಡವಾಗಿ ಬಿದ್ದ ಹಿಮವೋ ನೀರಿನ ಬರವೋ ಕಾರಣ. ಮೊಗ್ಗು ದೊಡ್ಡದಾಗಿ, ಎಸಳಿನ ಅಂಚು ಕಂದಾಗಿ ಅರ್ಧಕ್ಕೇ ನಿಂತರೆ ಎಸಳು ಬಿಡಿಸಿ ಬಿಳಿ ಕಾಗದದ ಮೇಲೆ ಕೊಡವಿ. ದಾರದ ತುಂಡಿನಷ್ಟು ಸಣ್ಣ ಹುಳು ಓಡಾಡಿದರೆ ಥ್ರಿಪ್ಸ್. ಅಂಥ ಹೂಗಳನ್ನೆಲ್ಲ ಕಿತ್ತು ಬಿಸಾಡುವುದೇ ಮನೆಯಂಗಳಕ್ಕೆ ಸಾಕಾದ ಉಪಾಯ.

ಆಗಸ್ಟ್‌ನಲ್ಲಿ ಎಲೆ ಮೇಲೆ ಬರುವ ಬೂದಿರೋಗ ನೋಡಲು ಅಸಹ್ಯ, ಗಿಡಕ್ಕೆ ಅಷ್ಟೇನೂ ತೊಂದರೆಯಿಲ್ಲ.

ಕೊಯ್ಯುವುದು, ಕತ್ತರಿಸುವುದು

ಹೂದಾನಿಗೆ ಕೊಯ್ಯುವಾಗ ಅರಳಿದ್ದು ಬೇಡ. ಮೊಗ್ಗನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿ. ಗೋಲಿಯಂತೆ ಗಟ್ಟಿಯಿದ್ದರೆ ಕೊಯ್ದ ಮೇಲೆ ಅರಳುವುದಿಲ್ಲ. ಆಗತಾನೇ ತಟ್ಟೆಯಿಂದ ಎಬ್ಬಿಸಿದ ಇಡ್ಲಿಯಂತೆ ಮೆತ್ತಗೆ ಒಳಹೋಗಿ, ಬಣ್ಣ ಇಣುಕುತ್ತಿದ್ದರೆ ಅದೇ ಹದ. ಬೆಳಿಗ್ಗೆ ತಂಪಿನಲ್ಲಿ ಕತ್ತರಿಸಿ, ಕಾಂಡದಲ್ಲಿ ಕನಿಷ್ಠ ಎರಡು ಮೂರು ಎಲೆ ಗಿಡದ ಮೇಲೇ ಉಳಿಸಿ. ಒಂದು ಗಿಡದಿಂದ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೂ ತೆಗೆಯಬೇಡಿ. ಈ ಹದದ ಮೊಗ್ಗನ್ನು ಎಲೆ ಬಿಡಿಸಿ, ನೀರಿಲ್ಲದೆ ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಮಲಗಿಸಿಟ್ಟರೆ ಎರಡು ವಾರ ಕೆಡುವುದಿಲ್ಲ. ಸೇಬು, ಬಾಳೆಹಣ್ಣಿನ ಜೊತೆ ಮಾತ್ರ ಇಡಬೇಡಿ, ಹಣ್ಣಿನಿಂದ ಹೊರಡುವ ಅನಿಲ ಮೊಗ್ಗನ್ನು ಕೆಡಿಸುತ್ತದೆ. ಹೊರತೆಗೆದು ಕಾಂಡದ ತುದಿ ಹೊಸದಾಗಿ ಕತ್ತರಿಸಿ ಉಗುರುಬೆಚ್ಚನೆ ನೀರಲ್ಲಿಟ್ಟರೆ ಮಾರನೇ ದಿನದ ಹೊತ್ತಿಗೆ ಅರಳಿರುತ್ತದೆ.

ಮೆತ್ತನೆ ಕಾಂಡದ ಗಿಡವನ್ನು ಮೊದಲ ಹಿಮಕ್ಕೆ ಎಲೆ ಕಪ್ಪಾದ ಮೇಲೆ ನೆಲಮಟ್ಟಕ್ಕೆ ಕತ್ತರಿಸಿ, ಒಂದೆಲೆಯೂ ಬಿಡದಂತೆ ಗುಡಿಸಿ ತೆಗೆಯಿರಿ. ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ, ಬೊಟ್ರೈಟಿಸ್ ಚಳಿಗಾಲ ಕಳೆಯುವುದೇ ಆ ಕಸದಲ್ಲಿ. ಇಟೋವನ್ನು ನಾಲ್ಕಾರು ಇಂಚು ಉಳಿಸಿ ಕತ್ತರಿಸಿ. ಮರ ಪಿಯೋನಿಗೆ ಆಗ ಕತ್ತರಿ ತೋರಿಸಲೇಬೇಡಿ. ಬರಲಿರುವ ಹೂವೆಲ್ಲ ಆ ಬೋಳು ಕಡ್ಡಿಯ ಮೇಲಿನ ಮೊಗ್ಗಿನಲ್ಲಿದೆ. ಅಂಗಳ ಚೊಕ್ಕಟ ಮಾಡಲು ಬಂದ ಕೂಲಿಯವರಿಗೆ ಇದನ್ನು ಮೊದಲೇ ಹೇಳಿಟ್ಟಿರಿ.

ಭಾಗ ಮಾಡುವುದು, ಜೊತೆಗೆ ಒಯ್ಯುವುದು

ಗುಲಾಬಿಯಂತೆ ಕಡ್ಡಿ ಚುಚ್ಚಿದರೆ ಪಿಯೋನಿ ಬರುವುದಿಲ್ಲ. ಎಂಟು ಹತ್ತು ವರ್ಷದ ಗಿಡವನ್ನು ಸೆಪ್ಟೆಂಬರ್‌ನಲ್ಲಿ ಭಾಗ ಮಾಡಬೇಕು. ಕಾಂಡ ಕತ್ತರಿಸಿ, ಬುಡದಿಂದ ಒಂದೂವರೆ ಅಡಿ ದೂರದಲ್ಲಿ ಸುತ್ತ ಅಗೆದು, ಇಡೀ ಗಡ್ಡೆ ಎತ್ತಿ ಪೈಪಿನ ನೀರಿನಿಂದ ಮಣ್ಣು ತೊಳೆಯಿರಿ. ತಕ್ಷಣ ಕೊಯ್ಯಲು ಹೋದರೆ ಬೇರು ಚಕ್ಕುಲಿಯಂತೆ ಮುರಿಯುತ್ತದೆ. ನೆರಳಲ್ಲಿ ಮೂರು ನಾಲ್ಕು ಗಂಟೆ ಬಿಟ್ಟರೆ ಸ್ವಲ್ಪ ಬಾಡಿ ಮಣಿಯುತ್ತದೆ. ಆಮೇಲೆ ಹರಿತವಾದ ಚಾಕುವಿನಿಂದ ತುಂಡಿಗೆ ಮೂರರಿಂದ ಐದು ಕಣ್ಣು, ಎರಡು ಮೂರು ದಪ್ಪ ಬೇರು ಬರುವಂತೆ ಕೊಯ್ದು, ಬೇರನ್ನು ಆರಿಂಚಿಗೆ ಮೊಟಕು ಮಾಡಿ ಮೇಲೆ ಹೇಳಿದಂತೆಯೇ ನೆಡಿ. ಬೇರಿನ ಮೇಲೆ ಗಂಟುಗಂಟಾದ ಉಬ್ಬು ಕಂಡರೆ ಅದು ಜಂತುಹುಳು. ಆ ತುಂಡು ಯಾರಿಗೂ ಕೊಡಬೇಡಿ, ನೀವೂ ನೆಡಬೇಡಿ.

ಮನೆ ಮಾರಿ ಬೇರೆ ಊರಿಗೆ ಹೋಗುವವರಿದ್ದರೆ, ಅಮೆರಿಕದಲ್ಲಿ ನೆಲದಲ್ಲಿರುವ ಗಿಡ ಸಾಮಾನ್ಯವಾಗಿ ಮನೆಯ ಜೊತೆಗೇ ಹೋಗುತ್ತದೆ. ಪಿಯೋನಿ ಒಯ್ಯುತ್ತೇವೆಂದು ಮಾರಾಟದ ಕರಾರಿನಲ್ಲೇ ಬರೆಸಿ. ಅಗೆಯುವುದು ಸೆಪ್ಟೆಂಬರ್‌ಗೇ ಕೂಡಿಬಂದರೆ ಒಳ್ಳೆಯದು. ತೊಳೆದ ಗಡ್ಡೆಯನ್ನು ಸ್ವಲ್ಪವೇ ತೇವವಿರುವ ಪೀಟ್‌ನಲ್ಲಿ ಸುತ್ತಿ, ತೂತು ಮಾಡಿದ ಕವರಿನಲ್ಲಿ ತಂಪಾದ ಕಡೆ ಇಟ್ಟರೆ ಕೆಲವು ವಾರ ತಡೆಯುತ್ತದೆ. ಕವರಿನ ಮೇಲೆ ತಳಿಯ ಹೆಸರು ಬರೆದಿಡಿ. ಗಡ್ಡೆ ನೋಡಿ ಬಣ್ಣ ಹೇಳಲು ಯಾರಿಂದಲೂ ಆಗುವುದಿಲ್ಲ.